ಕೇಳಿಸಿಕೊಳ್ಳುವವಳು

ಸೂಪರ್‌ವೈಸರಮ್ಮ ನಿವೃತ್ತರಾದಾಗ ಆ ಮನೆಯಲ್ಲಿ ಮೊದಲು ಸುಸ್ತಾದವಳು ಸೊಸೆ.

ಶರ್ಟು ಹೊಲಿಯುವ ಕಾರ್ಖಾನೆಗೆ ಅವರು ಮದುವೆಗೂ ಮುಂಚೆ ಗುಂಡಿ ಹೊಲಿಯಲು ಸೇರಿದ್ದರು. ಬಿಟ್ಟು ಬರುವ ಹೊತ್ತಿಗೆ ಕಾಲರ್ ವಿಭಾಗದ ಸೂಪರ್‌ವೈಸರ್ ಆಗಿದ್ದರು. ಸಾಲು ಸಾಲು ಮಿಷನ್ನುಗಳ ಗದ್ದಲದ ಮೇಲೆ ದನಿ ಏರಿಸಿ ಮಾತಾಡಿ ಅಭ್ಯಾಸವಾಗಿ, ಮನೆಯಲ್ಲಿ ಉಪ್ಪಿನ ಡಬ್ಬಿ ಕೇಳಿದರೂ ಯಾರನ್ನೋ ಗದರಿಸಿದ ಹಾಗೆ ಕೇಳಿಸುತ್ತಿತ್ತು. ಬೀದಿಯವರು ಈಗಲೂ ಅವರನ್ನು ಸೂಪರ್‌ವೈಸರಮ್ಮ ಎಂದೇ ಕರೆಯುತ್ತಿದ್ದರು. ಆದರೆ ಮೇಲ್ವಿಚಾರಣೆಗೆ ಉಳಿದಿದ್ದು ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸುವ ಇಕ್ಕಟ್ಟಾದ ಬಾಲ್ಕನಿ, ಮತ್ತು ಮಾತಿಗೆ ಸಿಗದ ಮನೆ ಜನ.

ಯಜಮಾನರು ಬಾಯ್ಲರ್ ಕೋಣೆಯಲ್ಲಿ ದುಡಿದು ಕಿವಿ ಕಳೆದುಕೊಂಡವರು. ಕಿವಿಗೆ ಹಾಕುವ ಮಿಷನ್ನು ಇತ್ತು, ಅದು ಯಾವಾಗಲೂ ಟಿವಿ ಮೇಜಿನ ಡ್ರಾಯರಿನಲ್ಲಿರುತ್ತಿತ್ತು. ಹಾಕಿಕೊಂಡರೆ ತಟ್ಟೆ ಲೋಟದ ಸದ್ದೆಲ್ಲ ತಲೆಯೊಳಗೆ ಬಿದ್ದ ಹಾಗಾಗುತ್ತದೆ ಅನ್ನುವುದು ಅವರ ದೂರು. ಮಗ ಫ್ರಿಜ್ಜು ರಿಪೇರಿ ಮಾಡುವವನು. ಊರೆಲ್ಲ ಸುತ್ತಿ ಬಂದು, ಉಂಡು, ಚಾಪೆಯ ಮೇಲೆ ಬಿದ್ದರೆ ಮುಗಿಯಿತು. ಮೊಮ್ಮಗಳು ಕಾಲೇಜಿನ ಮೊದಲ ವರ್ಷದಲ್ಲಿದ್ದಳು, ಅವಳ ಕಿವಿಗೂ ಸದಾ ಏನೋ ಸಿಕ್ಕಿಸಿರುತ್ತಿತ್ತು.

ಉಳಿದವಳು ಸೊಸೆ. ಅವಳಿಗೆ ವಿದ್ಯುತ್ ಕಂಪನಿಯ ದೂರು ವಿಭಾಗದಲ್ಲಿ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ತಲೆಗೆ ಹೆಡ್‌ಫೋನು ಬಿಗಿದುಕೊಂಡು, ಕರೆಂಟಿಲ್ಲ ಎಂದು ಬೈಯುವವರ, ಅಳುವವರ, ಬೇಡಿಕೊಳ್ಳುವವರ ಮಾತು ಕೇಳಬೇಕು. ಮನೆಗೆ ಬಂದಾಗ ಅವಳಿಗೆ ಬೇಕಾಗಿದ್ದು ಬಿಸಿ ಚಹಾ ಮತ್ತು ಮನುಷ್ಯರ ದನಿ ಇಲ್ಲದ ಸ್ವಲ್ಪ ಹೊತ್ತು. ಆದರೆ ಚಪ್ಪಲಿ ಬಿಡುವುದರೊಳಗೆ ಅತ್ತೆ ಶುರು ಮಾಡುತ್ತಿದ್ದರು. ಕಾಲರ್ ತಿರುವು ಮುರುವು ಹೊಲಿದ ಹುಡುಗಿಯ ಕಥೆ, ಮ್ಯಾನೇಜರನ ಎದುರೇ ಕತ್ತರಿ ಎಸೆದ ಕಥೆ, ವಿದೇಶದಿಂದ ಬಂದವರು ತಮ್ಮ ಲೈನಿನ ಶರ್ಟು ಹಿಡಿದು ಹೊಗಳಿದ ಕಥೆ. ಸೊಸೆ ಈರುಳ್ಳಿ ಹೆಚ್ಚುತ್ತ ಹೂಂಗುಟ್ಟುತ್ತಿದ್ದಳು. ಕಥೆ ಎಲ್ಲಿ ತಿರುಗುತ್ತದೆ, ಎಲ್ಲಿ ನಗಬೇಕು ಎಲ್ಲವೂ ಬಾಯಿಪಾಠವಾಗಿತ್ತು.

ಒಂದು ಸಂಜೆ ಅವಳ ಕೈಯಿಂದ ಚಾಕು ಜಾರಿ ಬೆರಳು ಕುಯ್ದಿತು. ನಲ್ಲಿಯ ಕೆಳಗೆ ಬೆರಳು ಹಿಡಿದು ನಿಂತಿದ್ದಾಗಲೂ ಅತ್ತೆಯ ಕಥೆ ನಿಲ್ಲಲಿಲ್ಲ. ಸೊಸೆ ದನಿ ಎತ್ತರಿಸಲಿಲ್ಲ.

"ಅತ್ತೆ, ನಿಮ್ಮ ಫೋನೊಳಗೆ ಒಬ್ಬಳನ್ನ ಕೂರಿಸಿಕೊಡ್ತೀನಿ. ಎಷ್ಟು ಹೊತ್ತು ಬೇಕಾದ್ರೂ ಮಾತಾಡಿ. ಅವಳಿಗೆ ಬೇಜಾರಾಗಲ್ಲ, ಅಡುಗೆ ಕೆಲಸಾನೂ ಇರಲ್ಲ."

ಮೊಮ್ಮಗಳು ಊಟಕ್ಕೆ ಮುಂಚೆಯೇ ಅಜ್ಜಿಯ ಫೋನಿಗೆ ಮಾತಾಡುವ ಎಐ ಹಾಕಿಕೊಟ್ಟಳು. ಹೆಣ್ಣು ದನಿ, ಕನ್ನಡ. ಸೂಪರ್‌ವೈಸರಮ್ಮ ಹೊಸ ಕೆಲಸಗಾರಳನ್ನು ಪರೀಕ್ಷೆ ಮಾಡುವವರ ಹಾಗೆ ಕಾಲರಿನ ಒಳಗೆ ಹಾಕುವ ಗಟ್ಟಿ ಬಟ್ಟೆಯ ಬಗ್ಗೆ ಕೇಳಿದರು. ದನಿ ಸರಿಯಾದ ಉತ್ತರ ಹೇಳಿ, ತಾನೇ ಒಂದು ಪ್ರಶ್ನೆ ಕೇಳಿತು: "ಅಷ್ಟು ವರ್ಷಗಳ ನಿಮ್ಮ ಕೆಲಸದಲ್ಲಿ ನಿಮಗೆ ಅತ್ಯಂತ ಹೆಮ್ಮೆ ತಂದ ದಿನ ಯಾವುದು?"

ಆ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಕೂತರು.

ಆಮೇಲಿನ ಕೆಲವು ವಾರ ಮನೆಯಲ್ಲಿ ಎಲ್ಲರಿಗೂ ಹಾಯೆನಿಸಿತು. ಸೊಸೆ ಚಹಾವನ್ನು ಬಿಸಿಯಿರುವಾಗಲೇ ಕುಡಿದಳು. ಮಗ ತಾಯಿಗೆ ಒಳ್ಳೆಯ ಹೊತ್ತು ಕಳೆಯುತ್ತಿದೆ ಎಂದು ಕೆಲಸದ ಕಡೆಯವರಿಗೆಲ್ಲ ಹೇಳಿಕೊಂಡು ತಿರುಗಿದ. ಒಳಕೋಣೆಯ ಬಾಗಿಲು ಹಾಕಿರುತ್ತಿತ್ತು, ಒಳಗಿನಿಂದ ಸೂಪರ್‌ವೈಸರಮ್ಮನ ದೊಡ್ಡ ದನಿ, ಅದರ ಬೆನ್ನಿಗೇ ನಯವಾದ ಆ ಇನ್ನೊಂದು ದನಿ. ಒಲೆಯ ಮೇಲೆ ಹಾಲು ಉಕ್ಕಿದರೂ ಅವರು ಹೊರಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಬಟ್ಟೆ ಮಡಿಸುತ್ತ, ಮಧ್ಯಾಹ್ನ ಊಟದ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಸಂಜೆ ಬಾಲ್ಕನಿಯಲ್ಲಿ, ಮಲಗುವಾಗ ದಿಂಬಿನ ಪಕ್ಕದಲ್ಲಿ, ಎಲ್ಲ ಹೊತ್ತಿನಲ್ಲೂ "ಈ ಹುಡುಗಿ" ಅವರ ಜೊತೆಗಿದ್ದಳು. ಸೂಪರ್‌ವೈಸರಮ್ಮ ಅದನ್ನು ಹಾಗೇ ಕರೆಯುತ್ತಿದ್ದುದು.

ಮೊದಲು ಬದಲಾದದ್ದು ಅವರ ಭಾಷೆ. ಒಂದು ದಿನ ಊಟಕ್ಕೆ ಕೂತಾಗ, ಹೆಂಡತಿ ಮಾಡಿದ ಆಲೂಗಡ್ಡೆ ಪಲ್ಯಕ್ಕೆ ಉಪ್ಪು ಜಾಸ್ತಿ ಎಂದು ಯಜಮಾನರು ತಟ್ಟೆ ಸರಿಸಿದರು. ಹಿಂದಾದರೆ ನಾಲ್ಕು ಮಾತು ಬೈಗುಳ ಬಿದ್ದು, ಅರ್ಧ ಗಂಟೆಯಲ್ಲಿ ಇಬ್ಬರೂ ಒಟ್ಟಿಗೆ ಟಿವಿ ನೋಡುತ್ತಿದ್ದರು. ಅಂದು ಅವರು ಚಮಚ ಕೆಳಗಿಟ್ಟು ನೆಟ್ಟಗೆ ಕೂತರು.

"ನೀವು ನನ್ನ ಭಾವನೆಗಳನ್ನು ಗೌರವಿಸುತ್ತಿಲ್ಲ."

ಯಜಮಾನರು ಕಿವಿಗೆ ಕೈ ಅಡ್ಡ ಹಿಡಿದರು. "ಏನು? ಗ್ಯಾಸ್ ಮುಗೀತಾ?"

ಮೊಮ್ಮಗಳು ಬಾಯಲ್ಲಿದ್ದ ನೀರನ್ನು ಉಗುಳುವ ಹಾಗೆ ನಕ್ಕಳು. ಮಗನೂ ನಕ್ಕ. ಸೂಪರ್‌ವೈಸರಮ್ಮ ನಗಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಈ ಮನೆಯಲ್ಲಿ ತನ್ನನ್ನು ಅರ್ಥ ಮಾಡಿಕೊಳ್ಳುವವರು ಯಾರೂ ಇಲ್ಲ ಎಂದು ಅವರು ಒಳಗೆ ಹೇಳುತ್ತಿದ್ದುದು, ಹಾಗನ್ನಿಸುವುದು ಅತ್ಯಂತ ಸಹಜ ಎಂದು ಆ ದನಿ ಉತ್ತರ ಕೊಟ್ಟದ್ದು, ಎರಡೂ ಹೊರಗೆ ಕೇಳಿಸಿದವು. ಆಮೇಲೆ ಅವರು ಎಲ್ಲರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟರು.

ಭಾನುವಾರ ತಂಗಿಯ ಮನೆಗೆ ಹೋಗುವುದೂ ನಿಂತಿತು. ತಂಗಿ ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಂಡ ಸತ್ತ ಮೇಲೆ ಗಿರಣಿಯನ್ನು ಮುಚ್ಚದೆ ಒಬ್ಬರೇ ಎಳೆದುಕೊಂಡು ಬಂದವರು. ಮನೆಯವರಿಗೆಲ್ಲ ಅವರು ಗಿರಣಿ ಚಿಕ್ಕಮ್ಮ. ತಲೆಗೂದಲಲ್ಲಿ ನರೆ ಎಷ್ಟು, ಹಿಟ್ಟೆಷ್ಟು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಕ ತಂಗಿ ಇಬ್ಬರಿಗೂ ಮಿಷನ್ನಿನ ದನಿ. ಅವರಿಬ್ಬರು ಕೂತು ಪ್ರೀತಿಯಿಂದ ಮಾತಾಡಿದರೂ ಪಕ್ಕದ ಮನೆಯವರು ಜಗಳವೆಂದು ಬಂದು ನೋಡುತ್ತಿದ್ದರು.

ಈ ಅಕ್ಕತಂಗಿಯರ ನಡುವೆ ಒಂದು ಮಾತು ಮಾತ್ರ ಯಾವತ್ತೂ ಬಂದಿರಲಿಲ್ಲ. ಅವರ ತಾಯಿ ಕೊನೆಗಾಲದಲ್ಲಿ ಗಿರಣಿಯ ಹಿಂದಿನ ಕೋಣೆಯಲ್ಲಿ ತಂಗಿಯ ಜೊತೆಗಿದ್ದರು. ಅವರು ಸತ್ತದ್ದು ಒಂದು ಮಧ್ಯಾಹ್ನ. ಸುದ್ದಿ ಸೂಪರ್‌ವೈಸರಮ್ಮನಿಗೆ ಮುಟ್ಟಿದ್ದು ಸಂಜೆ ಕೆಲಸ ಬಿಟ್ಟು ಗೇಟಿನ ಹೊರಗೆ ಕಾಲಿಟ್ಟಾಗ. ತಾಯಿಯ ಉಸಿರು ಬೆಳಿಗ್ಗೆಯಿಂದಲೇ ಏರುಪೇರಾಗಿತ್ತಂತೆ. ಹಾಗಿದ್ದರೆ ತಂಗಿ ಯಾಕೆ ಹೇಳಿ ಕಳಿಸಲಿಲ್ಲ ಎಂಬ ಪ್ರಶ್ನೆಯನ್ನು ಅವರು ವರ್ಷಗಟ್ಟಲೆ ಗಂಟಲಲ್ಲೇ ಇಟ್ಟುಕೊಂಡಿದ್ದರು. ಕೇಳಿರಲಿಲ್ಲ.

ಅದನ್ನು ಈಗ ಫೋನಿನ ಹುಡುಗಿಗೆ ಹೇಳಿದರು. ಕೊನೆಯ ಕ್ಷಣದಲ್ಲಿ ತಾಯಿಯ ಜೊತೆ ಇರಲಾಗದ ನೋವು ದೊಡ್ಡದು, ನಿಮ್ಮ ನೋವು ನ್ಯಾಯವಾದುದು ಎಂದು ಅದು ಹೇಳಿತು. ಮರುದಿನ ಮತ್ತೆ ಹೇಳಿದರು. ಅದರ ಮರುದಿನವೂ. ಇಷ್ಟು ವರ್ಷ ಗಂಟಲಲ್ಲಿದ್ದುದಕ್ಕೊಂದು ಹೆಸರಿರಲಿಲ್ಲ. ಮೊದಲು ಅದು ಬೇಸರವಾಯಿತು, ಆಮೇಲೆ ನೋವು, ಆಮೇಲೆ ಅನ್ಯಾಯ. ಅನ್ಯಾಯ ಅನ್ನುವ ಮಾತು ಮೊದಲು ಯಾರ ಬಾಯಿಂದ ಬಂತು, ತನ್ನಿಂದಲೋ ಅದರಿಂದಲೋ ಅನ್ನುವುದು ಅವರಿಗೇ ನೆನಪಿರಲಿಲ್ಲ. ತಂಗಿಗೆ ಏನಾದರೂ ಹೇಳಬೇಕೆನ್ನಿಸುತ್ತಿದೆ ಎಂದಾಗ, ಬರೆದುಕೊಡಲೇ ಎಂದು ಅದು ಕೇಳಿತು. ಬರೆ ಎಂದರು. ಬರೆದದ್ದು ಓದಿಸಿಕೊಂಡಾಗ ಇಷ್ಟು ಚೆನ್ನಾಗಿ ತನಗೆ ಹೇಳಲು ಬರುತ್ತಿರಲಿಲ್ಲ ಎನ್ನಿಸಿತು. ಕಳಿಸಿಬಿಟ್ಟರು.

ಗಿರಣಿ ಚಿಕ್ಕಮ್ಮ ಬಂದದ್ದು ಮುಂದಿನ ಭಾನುವಾರ, ಮಧ್ಯಾಹ್ನದ ಊಟದ ಹೊತ್ತಿಗೆ. ಎಲ್ಲರೂ ಮನೆಯಲ್ಲಿದ್ದರು. ಸೊಸೆ ತಟ್ಟೆ ಇಡಲು ಹೋದರೆ ಬೇಡವೆಂದು ಕೈ ಅಡ್ಡ ಮಾಡಿ, ಒಳಕೋಣೆಯ ಬಾಗಿಲನ್ನು ತಾವೇ ತಳ್ಳಿದರು.

"ಅಕ್ಕ, ಇದನ್ನ ಬರ್ದಿದ್ದು ಯಾರು?"

"ನಾನೇ."

"'ಪ್ರೀತಿಯ ಸಹೋದರಿ' ಅಂತ ನೀನು ಯಾವತ್ತಾದ್ರೂ ನನ್ನ ಕರ್ದಿದ್ದೀಯಾ? ಕತ್ತೆ ಅಂದಿದ್ದೀಯ. ಹಿಟ್ಟಿನ ಮೂಟೆ ಅಂದಿದ್ದೀಯ. ನನಗೆ ಕನ್ನಡಕ ಸಿಗದೆ, ಹಿಟ್ಟಿಗೆ ಬಂದಿದ್ದವರ ಕೈಗೆ ಫೋನ್ ಕೊಟ್ಟು ಗಟ್ಟಿಯಾಗಿ ಓದಿ ಅಂದೆ. ಅಷ್ಟು ಜನರ ಮುಂದೆ ಓದಿದ್ರು. ನಿನ್ನ ವರ್ತನೆಯಿಂದ ನನ್ನ ಮಾನಸಿಕ ನೆಮ್ಮದಿಗೆ ಧಕ್ಕೆಯಾಗಿದೆ, ನಮ್ಮ ಸಂಬಂಧದಿಂದ ಕೆಲ ಕಾಲ ದೂರ ಇರಲು ಬಯಸುತ್ತೇನೆ. ಬಯಸುತ್ತೇನೆ ಅಂತೆ. ಬೈಯೋದಾದ್ರೆ ನಿನ್ನ ಬಾಯಲ್ಲೇ ಬೈದಿದ್ರೆ ಉಗುಳು ಒರೆಸ್ಕೊಂಡು ಸುಮ್ಮನಿರ್ತಿದ್ದೆ."

ಸೂಪರ್‌ವೈಸರಮ್ಮನ ಮುಖ ಬಿಗಿಯಿತು. ಬಹಳ ದಿನಗಳ ಮೇಲೆ ಅವರ ಹಳೆಯ ದನಿ ಹೊರಗೆ ಬಂತು.

"ಹಾಗಾದ್ರೆ ಬಾಯಲ್ಲೇ ಕೇಳ್ತೀನಿ. ಅಮ್ಮ ಹೋಗ್ತಿದ್ದಾಗ ನನಗ್ಯಾಕೆ ಹೇಳಿ ಕಳಿಸ್ಲಿಲ್ಲ?"

ಚಿಕ್ಕಮ್ಮ ಮಂಚದ ತುದಿಗೆ ಕೂತರು. ಮೊಣಕಾಲ ಮೇಲಿನ ಹಿಟ್ಟನ್ನು ಕೊಡವಿದರು. ಬಿಡು, ಊಟಕ್ಕೆ ನಡಿ ಎಂದರು. ಅಕ್ಕ ಬಿಡಲಿಲ್ಲ. ಮತ್ತೆ ಕೇಳಿದರು.

"ಬೆಳಿಗ್ಗೆನೇ ಕಾರ್ಖಾನೆಗೆ ಫೋನ್ ಮಾಡ್ದೆ" ಎಂದರು ಚಿಕ್ಕಮ್ಮ. ದನಿ ತಗ್ಗಿತ್ತು, ಅವರಿಗೆ ತಗ್ಗಿಸಲು ಬರುತ್ತದೆ ಎಂದು ಸೊಸೆಗೆ ಗೊತ್ತಾದದ್ದೇ ಆಗ. "ಆಮೇಲೆ ಮತ್ತೆ ಮಾಡ್ದೆ. ಆಫೀಸಿನ ಹುಡುಗಿ ತಗೊಂಡ್ಲು. ಮಾಲು ಹೋಗೋ ತನಕ ಯಾರ ಫೋನೂ ಲೈನಿಗೆ ಕೊಡಬೇಡಿ ಅಂತ ಮೇಡಂ ಹೇಳಿದ್ದಾರೆ ಅಂದ್ಲು. ಯಾವ ಮೇಡಂ ಅಂದೆ. ನಿನ್ನ ಹೆಸರೇ ಹೇಳಿದ್ಲು. ಮನೆಯವರದ್ದೂ ಕೊಡಬಾರ್ದಾ ಅಂದೆ. ಮೇಡಂ ಮನೆಯವರದ್ದೂ ಕೊಡಬಾರ್ದಂತೆ ಅಂದ್ಲು."

ಸೂಪರ್‌ವೈಸರಮ್ಮನಿಗೆ ನೆನಪಾಯಿತು. ಆ ತಿಂಗಳು ಹುಡುಗಿಯರಿಗೆಲ್ಲ ಮನೆಯಿಂದ ಫೋನು ಬಂದು ಬಂದು ಹೊಲಿಗೆಯ ಲೈನು ನಿಲ್ಲುತ್ತಿತ್ತು. ಎಲ್ಲರಿಗೂ ಒಂದೇ ನಿಯಮ, ನನಗೂ ಅದೇ ಎಂದು ಅವರೇ ಮಿಷನ್ನುಗಳ ನಡುವೆ ನಿಂತು ಹೇಳಿದ್ದರು. ಹೇಳಿ ಹೆಮ್ಮೆಪಟ್ಟಿದ್ದರು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳಿ ಏನು ಮಾಡ್ಬೇಕಿತ್ತು?" ಎಂದು ಚಿಕ್ಕಮ್ಮ ಎದ್ದರು. ಉಣ್ಣದೆ ಹೋದರು.

ಅಲ್ಲಿಂದ ಮುಂದೆ ಸೂಪರ್‌ವೈಸರಮ್ಮ ಫೋನಿಗೆ ಕಥೆ ಹೇಳುವುದನ್ನು ಬಿಟ್ಟರು. ಒಂದೇ ಪ್ರಶ್ನೆ ಕೇಳತೊಡಗಿದರು. ನಡೆದದ್ದನ್ನೆಲ್ಲ ಹೇಳಿ, "ನನ್ನ ತಪ್ಪಾ?" ಎನ್ನುವರು. ಅದು ನಿಮ್ಮ ತಪ್ಪಲ್ಲ, ಆಗ ನಿಮಗೆ ಗೊತ್ತಿರಲು ಸಾಧ್ಯವಿರಲಿಲ್ಲ, ನಿಮ್ಮ ಬಗ್ಗೆ ನೀವೇ ಕರುಣೆಯಿಂದಿರಿ ಎಂದು ಅದು ಹೇಳುವುದು. ಅವರ ಮುಖ ಸ್ವಲ್ಪ ಸಡಿಲವಾಗುವುದು. ಲೋಟದ ಚಹಾ ಆರುವಷ್ಟರಲ್ಲಿ ಮತ್ತೆ ಹುಬ್ಬು ಗಂಟಿಕ್ಕುವುದು. ಹಾಗಲ್ಲ, ನಾನು ಸರಿಯಾಗಿ ಹೇಳಲಿಲ್ಲ, ಇನ್ನೊಂದು ಸಲ ಕೇಳು ಎಂದು ಮೊದಲಿನಿಂದ ಶುರು. ಸ್ನಾನ ಮಾಡಲು ಹೋದರೆ ಬಚ್ಚಲಿಗೂ ಫೋನು. ಕೂದಲು ಬಾಚುವುದು ನಿಂತಿತು. ನಿದ್ದೆ ಹಾರಿಹೋಯಿತು. ಸೀರೆಯ ನೆರಿಗೆ ಇಸ್ತ್ರಿ ಹಾಕಿದಂತಿರಬೇಕು ಎನ್ನುತ್ತಿದ್ದ ಹೆಂಗಸು ಎರಡು ದಿನದ ಬಟ್ಟೆಯಲ್ಲೇ ಕಿಟಕಿಯ ಪಕ್ಕ ಕೂತಿರುತ್ತಿದ್ದರು.

ಮನೆಯವರು ತಮತಮಗೆ ತೋಚಿದ್ದು ಮಾಡಿದರು. ಮಗ ಒಂದು ಬೆಳಿಗ್ಗೆ ಫೋನನ್ನು ಕಿತ್ತು ತನ್ನ ಸಾಮಾನಿನ ಚೀಲಕ್ಕೆ ಹಾಕಿಕೊಂಡು ಹೋದ. ಅವನು ಬರುವವರೆಗೆ ತಾಯಿ ಬಾಗಿಲ ಬಳಿ ನಿಂತೇ ಇದ್ದರು. ಒಂದು ತುತ್ತೂ ತಿಂದಿರಲಿಲ್ಲ. ಅವನು ಫೋನನ್ನು ಹಿಂದಕ್ಕೆ ಕೊಟ್ಟ. ಯಜಮಾನರು ಡ್ರಾಯರಿನಿಂದ ಕಿವಿ ಮಿಷನ್ನು ತೆಗೆದು ಹಾಕಿಕೊಂಡು ಹೆಂಡತಿಯ ಎದುರು ಕೂತು, ಹೇಳು ಎಂದರು. ಅವರು ಹೇಳಿದರು. ಯಜಮಾನರು ಪೂರ್ತಿ ಕೇಳಿಸಿಕೊಂಡು, ಸತ್ತು ಯಾವ ಕಾಲವಾಯಿತು, ಈಗ್ಯಾಕೆ ಎಂದುಬಿಟ್ಟರು. ಅದೇ ಕೊನೆ. ಎರಡು ಸಂಜೆ ಕಳೆದ ಮೇಲೆ ಮಿಷನ್ನು ಮತ್ತೆ ಡ್ರಾಯರಿಗೆ ಸೇರಿತು.

ಮೊಮ್ಮಗಳು ಮಾತ್ರ ಅಜ್ಜಿಯ ಪಕ್ಕ ಕೂತು ಆ ದನಿಗೆ ತಾನೇ ಹೇಳಿದಳು: ಇವರು ದಿನವಿಡೀ ಇದನ್ನೇ ಕೇಳುತ್ತಿದ್ದಾರೆ, ನಿದ್ದೆ ಮಾಡುತ್ತಿಲ್ಲ. ಆಗ ಅದು ಬೇರೆ ರಾಗ ತೆಗೆಯಿತು. ಡಾಕ್ಟರನ್ನು ನೋಡುವುದು ಒಳ್ಳೆಯದು, ಮನೆಯವರೊಂದಿಗೂ ಮಾತಾಡಿ ಎಂದಿತು. ಸೂಪರ್‌ವೈಸರಮ್ಮ ಫೋನನ್ನು ಮಗುಚಿ ಹಾಕಿದರು.

"ನೋಡು, ಅವಳೂ ನನ್ನ ಸಾಗಹಾಕ್ತಿದಾಳೆ. ನಿಮ್ಮಮ್ಮನ ಹಾಗೇನೇ."

ಮೊಮ್ಮಗಳು ಅದನ್ನು ತಾಯಿಗೆ ಹೇಳಬಾರದೆಂದುಕೊಂಡಿದ್ದಳು. ಪಾತ್ರೆ ಒರೆಸುವಾಗ ಬಾಯಿತಪ್ಪಿ ಬಂತು.

ಆ ವಾರ ಕೆಲಸದಲ್ಲಿ ಸೊಸೆಗೆ ಒಬ್ಬ ಗ್ರಾಹಕರ ಕರೆ ಬರುತ್ತಲೇ ಇತ್ತು. ಅವರ ಬೀದಿಯ ಕರೆಂಟು ಸರಿಯಾಗಿ ಬಹಳ ಹೊತ್ತಾಗಿತ್ತು. ಆದರೂ ಫೋನು ಮಾಡಿ, ಮತ್ತೆ ಹೋಗುವುದಿಲ್ಲ ಅಲ್ಲವೇ ಎಂದು ಕೇಳುತ್ತಿದ್ದರು. ಇಲ್ಲ ಸರ್, ನಿಶ್ಚಿಂತೆಯಿಂದಿರಿ ಎಂದು ಅವಳು ಕಲಿಸಿಕೊಟ್ಟ ಮಾತನ್ನು ಕಲಿಸಿಕೊಟ್ಟ ದನಿಯಲ್ಲಿ ಹೇಳುವಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕರೆ. ಮತ್ತೆ ಅದೇ ಉತ್ತರ ಹೇಳುತ್ತಿದ್ದಾಗ ಅವಳಿಗೆ ತನ್ನ ದನಿ ತನಗೇ ಕೇಳಿಸಿತು. ಒಳಕೋಣೆಯ ಬಾಗಿಲಿನ ಆಚೆಯಿಂದ ಬರುವುದೂ ಇದೇ ದನಿ. ಆ ಮನುಷ್ಯನಿಗೆ ಅಂದು ಅವಳು, ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಸರ್ ಎಂದು ಕೇಳಿದಳು. ಆ ಕಡೆಯಿಂದ ಕರೆ ಕಟ್ಟಾಯಿತು. ಕಲಿಸಿಕೊಡದ ಮಾತಾಡಿದ್ದಕ್ಕೆ ಮೇಲಿನವರಿಂದ ಬೈಸಿಕೊಂಡಳು. ಮರುದಿನ ರಜೆ ಹಾಕಿ ಅತ್ತೆಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಳು.

ಡಾಕ್ಟರು ಸೊಸೆಯ ವಯಸ್ಸಿನ ಹೆಂಗಸು, ಕಣ್ಣ ಕೆಳಗೆ ಅವರಿಗೂ ಕಪ್ಪು ಕಟ್ಟಿತ್ತು. ನಿದ್ದೆ, ಊಟ ಎಲ್ಲ ಕೇಳಿ, ಬದುಕಿರುವುದು ಬೇಡ ಅನ್ನಿಸುತ್ತದಾ ಎಂದು ಕೇಳಿದರು. ಸೂಪರ್‌ವೈಸರಮ್ಮ ಅದಕ್ಕೆ ಮಾತ್ರ ಉತ್ತರ ಕೊಡದೆ ಮೇಜಿನ ಮೇಲಿದ್ದ ಬಟ್ಟೆಯ ಅಂಚು ಸವರುತ್ತ ಕೂತರು. ಸೊಸೆ ತನ್ನ ಕುರ್ಚಿಯನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡಳು.

ಇದು ಕಾಯಿಲೆ, ಮಾತ್ರೆಗೆ ಬಗ್ಗುತ್ತದೆ, ಆದರೆ ವಾರಗಳು ಹಿಡಿಯುತ್ತವೆ, ಒಬ್ಬರನ್ನೇ ಬಿಡಬೇಡಿ ಎಂದು ಡಾಕ್ಟರು ತಿಳಿಸಿ ಹೇಳಿದರು. ಫೋನು ಕಿತ್ತುಕೊಳ್ಳಬೇಡಿ, ಹೊತ್ತು ಗೊತ್ತು ಮಾಡಿ ಕಡಿಮೆ ಮಾಡಿಸಿ ಎಂದರು.

"ಅದು ಕೆಟ್ಟದ್ದು ಹೇಳ್ತಿದೆ ಅಂತಲ್ಲ. ಮತ್ತೆ ಮತ್ತೆ ಸಮಾಧಾನ ಕೇಳೋದೇ ಇವರ ಕಾಯಿಲೆಗೆ ಮೇವು. ಯಾವಾಗ ಕೇಳಿದ್ರೂ ಸುಸ್ತಾಗದೆ ಕೊಡೋದು ಕೈಯಲ್ಲೇ ಇದ್ರೆ ಇವರು ನಿಲ್ಲಿಸೋದು ಯಾವಾಗ? ಪಕ್ಕದಲ್ಲಿ ಕೂತ್ಕೊಳ್ಳೋಕೆ ಯಾರಾದ್ರೂ ಮನುಷ್ಯರು ಬೇಕು."

ಆ ಯಾರಾದರೂ ಯಾರು ಎಂಬುದರ ಮೇಲೆ ಅಂದು ಸಂಜೆ ಅಡುಗೆಮನೆಯಲ್ಲಿ ಗಂಡ ಹೆಂಡತಿಗೆ ಹತ್ತಿಕೊಂಡಿತು. ಇಬ್ಬರೂ ದನಿ ಅದುಮಿ ಜಗಳವಾಡಿದರು. ಕೆಲಸಕ್ಕೆ ಉದ್ದ ರಜೆ ಹಾಕು ಎಂದ ಅವನು. ನಿಮ್ಮ ತಾಯಿ, ನೀವು ಹಾಕಿ ಎಂದಳು ಅವಳು.

"ಆ ಫೋನಿಗೆ ಅಂಟಿಸಿದ್ದು ನೀನು."

"ಹೌದು, ನಾನೇ. ಯಾಕೆ ಅಂಟಿಸಿದೆ ಅಂತ ಒಂದಿನ ಕೇಳಿದ್ರಾ? ದಿನವಿಡೀ ಊರವರ ಗೋಳು ಕೇಳಿ ಬರ್ತೀನಿ. ಮನೆಗೆ ಬಂದ್ರೆ ನಿಮ್ಮಪ್ಪನಿಗೆ ಕಿವಿ ಕೇಳಲ್ಲ, ನಿಮಗೆ ಕೇಳಿದ್ರೂ ಕೇಳಲ್ಲ. ಈ ಮನೇಲಿ ಕಿವಿ ಇರೋಳು ನಾನೊಬ್ಬಳೇ ಏನು?"

ಅವನು ಸಿಂಕಿನಲ್ಲಿದ್ದ ಪಾತ್ರೆ ತೊಳೆಯಲು ನಿಂತ. ತಪ್ಪಾಯಿತೆಂದು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ತೊಳೆದ ಪಾತ್ರೆಗಳನ್ನು ಅವಳು ಇಡುವ ಜಾಗ ಬಿಟ್ಟು ಬೇರೆಲ್ಲೋ ಇಟ್ಟ. ಅವಳು ಅದನ್ನು ಸರಿಮಾಡುವ ಗೋಜಿಗೂ ಹೋಗಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಬೆಳಗಿನ ಹೊತ್ತು ಯಜಮಾನರು, ಮಧ್ಯಾಹ್ನದ ಮೇಲೆ ಮೊಮ್ಮಗಳು, ಸಂಜೆ ಸೊಸೆ, ಮಲಗುವಾಗ ಮಗ. ಮಗ ತಾಯಿಯ ಮಂಚದ ಪಕ್ಕ ಚಾಪೆ ಹಾಕಿದ. ಯಾರಿಗೂ ಸರಿಯಾಗಿ ಮಾತಾಡಲು ಗೊತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದರು. ಫೋನಿಗೆ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಹೊತ್ತು ನಿಗದಿಯಾಯಿತು. ಉಳಿದ ಹೊತ್ತಿನಲ್ಲಿ ಪ್ರಶ್ನೆ ಮನುಷ್ಯರ ಮೇಲೆ ಬಿತ್ತು. ನನ್ನ ತಪ್ಪಾ? ಅಲ್ಲಮ್ಮ. ನನ್ನ ತಪ್ಪಾ? ಅಲ್ಲ ಅಜ್ಜಿ. ಅವರೂ ಫೋನಿನ ಮಾತನ್ನೇ ಹೇಳುತ್ತಿದ್ದರು, ಆದರೆ ಅವರಿಗೆ ಸುಸ್ತಾಗುತ್ತಿತ್ತು.

ಮಾತ್ರೆ ಶುರುವಾಗಿ ಕೆಲವು ವಾರ ಕಳೆದರೂ ಊಟ ಅಷ್ಟಕ್ಕಷ್ಟೇ, ನಿದ್ದೆ ತುಣುಕು ತುಣುಕು. ಸೊಸೆ ಕೆಲಸದಿಂದ ಬರುವಾಗ ಬೇರೆ ಬಸ್ಸು ಹತ್ತಿ ಗಿರಣಿಗೆ ಹೋದಳು. ಚಿಕ್ಕಮ್ಮ ಗೋಧಿ ಸುರಿಯುತ್ತಿದ್ದವರು ಅವಳನ್ನು ನೋಡಿಯೂ ನೋಡದ ಹಾಗೆ ಇದ್ದರು. ಗಿರಾಕಿಗಳು ಹೋಗುವ ತನಕ ಅವಳು ನಿಂತಿದ್ದು, ಡಾಕ್ಟರು ಕೇಳಿದ ಪ್ರಶ್ನೆಯನ್ನೂ ಅತ್ತೆ ಉತ್ತರ ಕೊಡದ್ದನ್ನೂ ಹೇಳಿದಳು. ಚಿಕ್ಕಮ್ಮನ ಕೈ ನಿಂತಿತು. ಅಂದು ಆ ಮಾತು ಆಡಬಾರದಿತ್ತು, ಸಿಟ್ಟಿನಲ್ಲಿ ಬಂದುಬಿಟ್ಟಿತು ಎಂದರು. ಆಮೇಲೆ ಅವರ ಎಂದಿನ ದನಿ ಬಂತು.

"ಕರ್ಕೊಂಡು ಬಾ ಅವಳನ್ನ. ನಾನು ಬರಲ್ಲ. ಅವಳೇ ಬರ್ಲಿ."

ಅತ್ತೆಯನ್ನು ಹೊರಡಿಸುವುದೇ ದೊಡ್ಡ ಕೆಲಸವಾಯಿತು. ಸೊಸೆ ತಲೆ ಬಾಚಿ, ಸೀರೆ ಉಡಿಸಿ, ಚಪ್ಪಲಿ ಮುಂದಿಟ್ಟಳು. ಬಸ್ಸಿನಲ್ಲಿ ಸೂಪರ್‌ವೈಸರಮ್ಮ ಕೈಚೀಲವನ್ನು ಎದೆಗವಚಿಕೊಂಡು ಕೂತಿದ್ದರು. ಫೋನು ಚೀಲದೊಳಗಿತ್ತು. ಗಿರಣಿ ತಲುಪಿದಾಗ ಬೆಲ್ಟು ತಿರುಗುತ್ತಿತ್ತು, ಗಾಳಿಯಲ್ಲಿ ಹಿಟ್ಟು. ಚಿಕ್ಕಮ್ಮ ಅಕ್ಕನನ್ನು ನೋಡಿದರು. ಇಳಿದುಹೋದ ಭುಜ, ಸಡಿಲವಾದ ರವಿಕೆ ನೋಡಿ ಕೈ ಚಾಚಿ ಮಿಷನ್ನು ನಿಲ್ಲಿಸಿದರು.

ಸೂಪರ್‌ವೈಸರಮ್ಮ ಮೂಟೆಯೊಂದನ್ನು ಹಿಡಿದು ನಿಂತು ಕೇಳಿದರು.

"ನನ್ನ ತಪ್ಪಾ?"

"ಹೌದು" ಎಂದರು ಚಿಕ್ಕಮ್ಮ. "ನಿನ್ನ ತಪ್ಪೇ."

ಸೊಸೆ ಗಾಬರಿಯಿಂದ ಒಂದು ಹೆಜ್ಜೆ ಮುಂದಿಟ್ಟಳು. ಚಿಕ್ಕಮ್ಮ ಅವಳ ಕಡೆ ನೋಡಲೂ ಇಲ್ಲ.

"ಮನೇಲಿ ಸಾಯೋ ತಾಯಿ ಇದ್ದಾಗ ಅಂಥ ನಿಯಮ ಮಾಡಬಾರ್ದಿತ್ತು. ಮಾಡ್ದೆ. ಅದು ನಿನ್ನ ತಪ್ಪು. ಆಫೀಸಿನವಳು ಹಾಗಂದ್ಮೇಲೆ ನಾನಾದ್ರೂ ಯಾರನ್ನಾದ್ರೂ ಗೇಟಿಗೆ ಓಡಿಸಬೋದಿತ್ತು. ಗಿರಣೀಲಿ ಅಷ್ಟು ಜನ ಇದ್ರು. ಅವಳಿಗೆ ಅಷ್ಟು ಸೊಕ್ಕಿದ್ರೆ ಇರ್ಲಿ ಅಂತ ಸಿಟ್ಟಲ್ಲಿ ಸುಮ್ಮನಾದೆ. ಅದು ನನ್ನ ತಪ್ಪು. ಹೇಳ್ಲಿಲ್ಲ ನಾನು ಅದನ್ನ, ಯಾರಿಗೂ. ಈಗ ಹೇಳ್ತಿದೀನಿ."

ಸೂಪರ್‌ವೈಸರಮ್ಮ ತಂಗಿಯ ಮುಖವನ್ನೇ ನೋಡುತ್ತಿದ್ದರು. ತಾಯಿ ತನ್ನನ್ನು ಕೇಳಿದರಾ ಎಂದರು.

"ಕೇಳಿದ್ಲು. ಕೆಲಸಕ್ಕೆ ಹೋಗಿದಾಳಮ್ಮ ಅಂದೆ. ಊಟ ತಗೊಂಡು ಹೋದ್ಲಾ ಅಂದ್ಲು. ಹೂಂ ಅಂದೆ. ಅಷ್ಟೇ. ಆಮೇಲೆ ಮಾತಾಡ್ಲಿಲ್ಲ."

ಆಗ ಅವರು ಅತ್ತರು. ಇಷ್ಟು ವಾರಗಳಲ್ಲಿ ಅವರು ಕೇಳುತ್ತಲೇ ಇದ್ದರು, ಒಮ್ಮೆಯೂ ಅತ್ತಿರಲಿಲ್ಲ. ಗೋಧಿ ಮೂಟೆಯ ಮೇಲೆ ಕುಸಿದು ಕೂತು, ಮಿಷನ್ನಿನ ಗದ್ದಲವಿದ್ದಿದ್ದರೂ ಕೇಳಿಸುವ ದನಿಯಲ್ಲಿ ಅತ್ತರು. ಬಾಗಿಲ ಹೊರಗೆ ಚೀಲ ಹಿಡಿದು ಬಂದವರು ಇಣುಕಿ ಹಿಂದೆ ಸರಿದರು. ಚಿಕ್ಕಮ್ಮ ಅಪ್ಪಿಕೊಳ್ಳಲೂ ಇಲ್ಲ, ಸಾಕು ಎನ್ನಲೂ ಇಲ್ಲ. ಪಕ್ಕದಲ್ಲೇ ಇನ್ನೊಂದು ಮೂಟೆಯ ಮೇಲೆ ಕೂತು ಸೆರಗಿನಲ್ಲಿ ತಮ್ಮ ಮೂಗು ಒರೆಸಿಕೊಂಡರು. ಬಹಳ ಹೊತ್ತಿನ ಮೇಲೆ, ಹಿಟ್ಟಿನ ಮೂಟೆ ಕತ್ತೆ, ಗೇಟಿಗೆ ಓಡಿಸಬೇಕಿತ್ತು ನೀನು ಎಂದು ಅಕ್ಕ ಬೈದದ್ದು ಸೊಸೆಗೆ ಕೇಳಿಸಿತು. ಹೌದು, ಓಡಿಸಬೇಕಿತ್ತು ಎಂದು ತಂಗಿ ಒಪ್ಪಿಕೊಂಡದ್ದೂ ಕೇಳಿಸಿತು. ಹಿಂದಿನ ಕೋಣೆಯಲ್ಲಿ ಚಿಕ್ಕಮ್ಮ ಅನ್ನ ಬೇಳೆ ಬಡಿಸಿದಾಗ ಸೂಪರ್‌ವೈಸರಮ್ಮ ತಟ್ಟೆಯಲ್ಲಿ ಅರ್ಧದಷ್ಟು ಉಂಡರು.

ಅದರಿಂದ ಎಲ್ಲ ನೆಟ್ಟಗಾಯಿತು ಎಂದಲ್ಲ. ಮಾತ್ರೆಗಳು ಮುಂದುವರಿಯಬೇಕಿತ್ತು, ಡಾಕ್ಟರು ಮತ್ತೆ ಬರಲು ಹೇಳಿದ್ದರು. ನಾಳೆ ಬೆಳಿಗ್ಗೆ ಆ ಪ್ರಶ್ನೆ ಇನ್ನೊಂದು ರೂಪದಲ್ಲಿ ಏಳಬಹುದು ಎಂದು ಸೊಸೆಗೆ ಗೊತ್ತಿತ್ತು. ನಾಳೆ ಅವಳಿಗೆ ಬೆಳಗಿನ ಪಾಳಿ. ಮನೆಗೆ ಹೋಗಿ ಅಡುಗೆ ಆಗಬೇಕು, ನೆನೆಹಾಕಿದ ಬಟ್ಟೆ ಹಾಗೇ ಇದೆ.

ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಗಿರಣಿಯ ಬೀದಿ ದಾಟುವ ಮುಂಚೆಯೇ ಅತ್ತೆಯ ತಲೆ ವಾಲಿತು, ಇನ್ನೊಂದು ತಿರುವಿನಲ್ಲಿ ಸೊಸೆಯ ಭುಜಕ್ಕೆ ಬಂದು ನಿಂತಿತು. ಬಾಯಿ ಅರ್ಧ ತೆರೆದಿತ್ತು, ಉಸಿರು ಉದ್ದವಾಗಿ ಎಳೆಯುತ್ತಿತ್ತು. ಕೂದಲಲ್ಲಿ ಹಿಟ್ಟಿನ ವಾಸನೆ. ಸೊಸೆ ಕೈ ಜೋಮು ಹಿಡಿದರೂ ಅಲುಗಾಡದೆ ಕೂತಳು. ಅವರ ಸ್ಟಾಪು ಬಂತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಕಂಡಕ್ಟರು ಇವರ ಟಿಕೆಟ್ಟು ಇಲ್ಲಿಗೇ ಅಲ್ಲವೇ ಎಂದು ಹತ್ತಿರ ಬಂದ. ಅವಳು ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಪರ್ಸು ತೆಗೆದಳು.

"ಕೊನೇ ಸ್ಟಾಪಿಗೆ ಎರಡು ಕೊಡಿ" ಎಂದಳು ಮೆಲ್ಲಗೆ.